ಹಲ್ಲುಬ್ಬಿ ಬಾಯಿ ಬಿಟ್ಟ ಭಾನುವಾರ

ಐದು ಗಂಟೆಗೆ ಹೋಟೆಲಿನ ಸಾಹುಕಾರರು ಬರುವವರಿದ್ದರು. ಬಂದು, ನಮ್ಮ ಭಾವನ ಕಾರನ್ನು ಲಾರಿಗೆ ಏರಿಸಿಕೊಂಡು ಹೋಗಿ, ನಡುವಿಗೆ ಕೊಯ್ದು, ಹಿಂದಿನ ಅರ್ಧವನ್ನು ಸೋಫಾ ಮಾಡಿಸುವವರಿದ್ದರು. ಮುಂದಿನ ಅರ್ಧ ಅವರ ಹೋಟೆಲಿನ ಗೋಡೆಗೆ. ಕಣ್ಣಲ್ಲಿ ಬಲ್ಬು ಹಾಕಿಸಿ ಉರಿಸುತ್ತಾರಂತೆ.

ಇದು ಅಕ್ಕನ ತೀರ್ಪು. ಅಕ್ಕ ಬಟ್ಟೆ ಹೊಲಿಯುತ್ತಾಳೆ. ಮೂರು ಮಿಷನ್ನು, ಕತ್ತರಿಸುವ ಮೇಜು, ಶಾಲೆಯೊಂದರ ಸಮವಸ್ತ್ರದ ರಾಶಿ ಎಲ್ಲವೂ ಮಲಗುವ ಕೋಣೆಯಲ್ಲೇ ಇದ್ದವು. ಗಂಡಹೆಂಡಿರು ನೀಲಿ ಲಂಗಗಳ ನಡುವೆ ಜಾಗ ಮಾಡಿಕೊಂಡು ಮಲಗುತ್ತಿದ್ದರು. ಇತ್ತ ಒಳ್ಳೇ ಬೆಳಕಿನ ದೊಡ್ಡ ಶೆಡ್ಡಿನಲ್ಲಿ ಮೂರು ವರ್ಷದಿಂದ ಹಲ್ಲುಬ್ಬಿ ಕೂತಿದ್ದಳು.

ಹಲ್ಲುಬ್ಬಿ ಅಂದರೆ ಆ ಕಾರು. ಹೆಸರಿಟ್ಟವಳೂ ಅಕ್ಕನೇ. ಅಮೆರಿಕದಲ್ಲಿ ಹುಟ್ಟಿ, ಅರವತ್ತು ದಾಟಿದ, ಹಡಗಿನಷ್ಟು ಉದ್ದದ ಕಾರು. ಮುಂದುಗಡೆ ಅಗಲವಾದ ಬಾಯಿ, ಅದರ ತುಂಬ ಕ್ರೋಮಿನ ದಪ್ಪ ದಪ್ಪ ಹಲ್ಲು. ನನ್ನ ಭಾವ ಹಲ್ಲಿನ ಡಾಕ್ಟರು. ಹಿಟ್ಟಿನ ಗಿರಣಿಯವರೊಬ್ಬರ ದವಡೆ ಹಲ್ಲನ್ನು ನೋವಾಗದ ಹಾಗೆ ಕಿತ್ತದ್ದಕ್ಕೆ ಅವರು ಖುಷಿಯಾಗಿ, "ಗೋಡೋನಲ್ಲಿ ಒಂದು ಹಳೇ ಕಾರಿದೆ, ಬೇಕಾದ್ರೆ ತಗೊಂಡೋಗಿ ಡಾಕ್ಟ್ರೇ" ಎಂದಿದ್ದರು. ಭಾವ ಹೋಗಿ ಮೇಲಿದ್ದ ಖಾಲಿ ಚೀಲಗಳನ್ನು ಸರಿಸಿದರೆ ಕತ್ತಲಲ್ಲಿ ಆ ಹಲ್ಲುಗಳು ಕಂಡವಂತೆ. "ಅಷ್ಟು ಧೂಳಲ್ಲೂ ನಗ್ತಾ ಇದ್ಲು ಕಣೇ" ಎಂದು ನನ್ನೆದುರು ಹತ್ತು ಸಲವಾದರೂ ಹೇಳಿದ್ದಾರೆ. ಅಕ್ಕನೆದುರು ಒಂದೇ ಸಲ ಹೇಳಿದ್ದು.

"ಕೇಳಿ," ಎಂದಿದ್ದಳು ಅಕ್ಕ ತಿಂಗಳ ಹಿಂದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಮುಂದಿನ ತಿಂಗಳ ಮೊದಲ ಭಾನುವಾರ. ಐದು ಗಂಟೆಯೊಳಗೆ ನಿಮ್ಮ ಹಲ್ಲುಬ್ಬಿ ಯಾರೂ ತಳ್ಳದೆ, ಯಾರೂ ಎಳೀದೆ, ತನ್ನಷ್ಟಕ್ಕೆ ತಾನು ಶೆಡ್ಡಿಂದ ಆಚೆ ಬಂದು ಬೀದಿ ಸುತ್ತಿ ವಾಪಸ್ ಬಂದ್ರೆ ಇರ್ಲಿ. ಇಲ್ಲಾಂದ್ರೆ ಸಾಹುಕಾರರಿಗೆ ಹೇಳಿದ್ದೀನಿ."

"ಆಯ್ತು ಬಿಡು," ಎಂದರು ಭಾವ, ಆಗಲೇ ಗೆದ್ದವರ ಹಾಗೆ.

ನಾನು ಈ ಕಥೆಯೊಳಗೆ ಹೇಗೆ ಬಂದೆ ಅಂದರೆ, ಕಿವಿಯಿಂದ. ಅಕ್ಕನ ಮನೆಯ ಮಹಡಿ ಮೇಲಿನ ಕೋಣೆಯಲ್ಲಿದ್ದೇನೆ. ಕೆಲಸ ಅಚ್ಚಿನ ಮನೆಯಲ್ಲಿ: ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಾರೆ, ನಾನು ಕೇಳಿಸಿಕೊಳ್ಳುತ್ತ ಕರಡು ತಿದ್ದುತ್ತೇನೆ. ಅದಕ್ಕೂ ಮುಂಚೆ ಅಪ್ಪ. ಅಪ್ಪ ಪ್ರತಿ ಸಂಜೆ ಕೈಕಾಲು ತೊಳೆದು ಕೂತು ದೇವರ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದರು. ಅಕ್ಕನಿಗೆ ಅದು ನಿದ್ದೆ ಬರಿಸುತ್ತಿತ್ತು, ನನಗೆ ನಿದ್ದೆ ಕೆಡಿಸುತ್ತಿತ್ತು. ನಡುವೆ ಬೇಕೆಂದೇ ಒಂದು ಕಡೆ ತಪ್ಪಾಗಿ ಹೇಳಿ ನಿಲ್ಲಿಸಿ, ಅಪ್ಪ ನನ್ನ ಕಡೆ ನೋಡುತ್ತಿದ್ದರು. "ಎಲ್ಲಿ ಎಡವಿತು, ಹೇಳು." ಅರ್ಥ ಗೊತ್ತಾಗದ ವಯಸ್ಸಿನಲ್ಲೇ ಎಡವಿದ ಜಾಗ ಗೊತ್ತಾಗುತ್ತಿತ್ತು. ಅಪ್ಪ ಹೋದ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ರಜೆಯ ದಿನ ಶೆಡ್ಡಿಗೆ ಕಾಫಿ ಕೊಡಲು ಹೋದೆ. ಭಾವ ತಲೆಗೆ ದವಾಖಾನೆಯ ದೀಪ ಕಟ್ಟಿ, ಮುಖಕ್ಕೆ ಮುಸುಕು ಹಾಕಿ, ರೋಗಿಗಳ ಬಾಯಿಗೆ ಹಾಕುವ ಪುಟ್ಟ ಕನ್ನಡಿಯನ್ನು ಎಂಜಿನ್ನಿನ ಸಂದಿಗೆ ತೂರಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಕಬ್ಬಿಣ ತಿಕ್ಕುತ್ತಿದ್ದರು. "ಸ್ವಲ್ಪ ನೋವಾಗ್ಬಹುದು, ತಡ್ಕೊಳ್ಳಮ್ಮ" ಎಂದು ಕಾರಿಗೆ ಹೇಳುತ್ತಿದ್ದರು. ಗ್ರೀಸು ಹೋದ ಜಾಗದಲ್ಲಿ ಕಬ್ಬಿಣದ ಮೇಲೆ ಉಬ್ಬಿದ ಅಂಕೆಗಳು ಕಂಡವು.

"ಬೆರಳಿಟ್ಟು ಓದು ನೋಡೋಣ, ನನ್ನ ಕೈಯೆಲ್ಲ ಎಣ್ಣೆ," ಎಂದರು.

ಓದಿದೆ. "ಒಂದು, ಎಂಟು, ನಾಲ್ಕು, ಮೂರು, ಆರು, ಐದು, ಏಳು, ಎರಡು."

ಭಾವ ಮುಸುಕು ಇಳಿಸಿದರು. "ಇದಕ್ಕೆ ಎಂಟು ಸಿಲಿಂಡರು. ಆ ಪಕ್ಕ ನಾಲ್ಕು, ಈ ಪಕ್ಕ ನಾಲ್ಕು. ಎಂಟೂ ಒಟ್ಟಿಗೆ ಉರಿಯಲ್ಲ, ಒಂದಾದ ಮೇಲೊಂದು ಉರೀಬೇಕು. ಆ ಸರದೀನೇ ಇದು. ಒಂದು ಆದ ಮೇಲೆ ಎಂಟು, ಎಂಟಾದ ಮೇಲೆ ನಾಲ್ಕು... ನೆನಪಿಟ್ಕೋ, ಮುಂದೆ ಬೇಕಾಗುತ್ತೆ."

ನೆನಪಿಡುವುದೇನು ಬಂತು! ಮೆಟ್ಟಿಲು ಹತ್ತುವಷ್ಟರಲ್ಲಿ ಅದು ತಾನಾಗಿ ಪದ್ಯವಾಗಿತ್ತು. ಒಂದು ಎಂಟು ನಾಲ್ಕು ಮೂರು, ಆರು ಐದು ಏಳು ಎರಡು. ಅರ್ಧಕ್ಕೆ ನಾಲ್ಕು ಹೆಜ್ಜೆ, ಇನ್ನರ್ಧಕ್ಕೆ ನಾಲ್ಕು ಹೆಜ್ಜೆ, ಮತ್ತೆ ಮೊದಲಿಂದ. ಆಮೇಲಿನ ಪ್ರತಿ ಭಾನುವಾರವೂ ನಾನು ಶೆಡ್ಡಿನಲ್ಲಿದ್ದೆ. ಭಾವ ಕಾರ್ಬ್ಯುರೇಟರಿನ ಸಣ್ಣ ತೂತುಗಳನ್ನು ಹಲ್ಲು ಕೆದಕುವ ಕೊಕ್ಕೆಯಿಂದ ಬಿಡಿಸುವಾಗ, ಸೀಟಿನ ಸ್ಪ್ರಿಂಗುಗಳನ್ನು ತಂತಿಯಿಂದ ಬಿಗಿಯುವಾಗ, "ಹೇಳ್ತಾ ಇರು" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ.

ಅಕ್ಕ ಹೇಳಿದ ಆ ಮೊದಲ ಭಾನುವಾರ ಬಂತು. ಬೆಳಗ್ಗೆ ಎಂಟಕ್ಕೇ ಕೆಲಸ ಶುರು. ಉಳಿದದ್ದು ಒಂದೇ, ಕಿಡಿಯ ವೈರುಗಳು. ಎಂಜಿನ್ನಿನ ಹಿಂಬದಿ ಒಂದು ದುಂಡನೆಯ ಕಪ್ಪು ಮುಚ್ಚಳವಿದೆ. ಅದರ ಸುತ್ತ ಎಂಟು ಗೂಡು. ಎಂಜಿನ್ನು ತಿರುಗಿದ ಹಾಗೆ ಒಂದೊಂದೇ ಗೂಡಿನಿಂದ ಕಿಡಿ ಹೊರಡುತ್ತದೆ. ಪ್ರತಿ ಗೂಡಿನಿಂದ ಒಂದು ವೈರು ಹೊರಟು ಅದರದರ ಸಿಲಿಂಡರಿನ ಪ್ಲಗ್ಗಿಗೆ ಸೇರಬೇಕು.

"ಹೇಳು," ಎಂದರು ಭಾವ.

"ಒಂದು."

"ಒಂದು," ಎಂದು ಸಿಕ್ಕಿಸಿದರು.

"ಎಂಟು."

"ಎಂಟು."

ಎಂಟೂ ಮುಗಿದಾಗ ನಾನು ಕಣ್ಣು ಮುಚ್ಚಿ ಕೈ ಮುಗಿದೆ.

"ನಿನ್ನ ದೇವ್ರಿಗೆ ಹೇಳು, ಹಳೇ ಗಾಡಿ, ಸ್ವಲ್ಪ ಜಾಸ್ತೀನೇ ಪೆಟ್ರೋಲ್ ಕುಡಿಯುತ್ತೆ ಅಂತ," ಎಂದು ನಕ್ಕು ಭಾವ ಒಳಗೆ ಕೂತು ಕೀಲಿ ತಿರುಗಿಸಿದರು.

ಹಲ್ಲುಬ್ಬಿ ಗರಗರ ಎಂದಳು. ಮೈ ಕೊಡವಿದಳು. ಕೆಮ್ಮಿದಳು. ಕಾರ್ಬ್ಯುರೇಟರಿನಿಂದ ಢಬ್ ಎಂದು ಸದ್ದು ಬಂದು, ಒಂದು ಗೇಣು ಬೆಂಕಿ ಎದ್ದು ಆರಿತು. ಅಷ್ಟೇ.

"ಬಂತು ಬಂತು!" ಭಾವ ಕುಣಿದರು. "ಕಿಡಿ ಇದೆ, ಪೆಟ್ರೋಲ್ ಇದೆ, ಆಸೇನೂ ಇದೆ! ಇನ್ನೇನು, ಆಯ್ತು ಅನ್ನು!"

ಆಗಲಿಲ್ಲ. ಹತ್ತು ಗಂಟೆಗೆ ಆಗಲಿಲ್ಲ, ಹನ್ನೆರಡಕ್ಕೂ ಆಗಲಿಲ್ಲ. ಪ್ಲಗ್ಗು ಬಿಚ್ಚಿ ಒರೆಸಿದೆವು, ಪೆಟ್ರೋಲಿನ ಕೊಳವೆ ಊದಿದೆವು. ಪ್ರತಿ ಸಲವೂ ಅದೇ ಗರಗರ, ಅದೇ ಕೆಮ್ಮು, ಅದೇ ಢಬ್. ಒಂದು ಸಲ ಬಗ್ಗಿ ನೋಡಲು ಹೋಗಿ ಭಾವನ ಮೀಸೆಯ ಎಡ ತುದಿ ಸುಟ್ಟಿತು. ಊಟಕ್ಕೆ ಕರೆಯಲು ಬಂದ ಅಕ್ಕ ಮೂಗೆಳೆದು, "ಏನ್ರೀ ಇದು, ಕೂದಲು ಸುಟ್ಟ ವಾಸನೆ?" ಎಂದಳು. ಮೀಸೆ ನೋಡಿ ಸೆರಗು ಬಾಯಿಗಿಟ್ಟುಕೊಂಡಳು. "ಇನ್ನೊಂದು ಕಡೇದೂ ಸುಟ್ಕೊಳ್ಳಿ, ಸಮ ಆಗ್ಲಿ."

ನಾಲ್ಕು ಗಂಟೆಯ ಹೊತ್ತಿಗೆ ಬ್ಯಾಟರಿ ಸೋಲುತ್ತಿತ್ತು. ಮೊದಲಿನ ಗರಗರದಲ್ಲಿ ಈಗ ಏದುಸಿರು. "ಇನ್ನು ಎರಡು ಸಲ ತಿರುಗ್ಬಹುದು," ಎಂದರು ಭಾವ. "ಹೆಚ್ಚಂದ್ರೆ ಮೂರು."

ಅಷ್ಟರಲ್ಲಿ ಗೇಟಿನ ಸದ್ದು. ಸಾಹುಕಾರರು ಮುಕ್ಕಾಲು ಗಂಟೆ ಮುಂಚೆಯೇ ಬಂದಿದ್ದರು. ದಪ್ಪ ಆಸಾಮಿ, ತುಂಬ ಒಳ್ಳೆಯ ಮನುಷ್ಯ, ಅದೇ ಕಷ್ಟ. ಬೈಯಲೂ ಆಗುವುದಿಲ್ಲ. ಹಿಂದಿನ ಬಾಗಿಲು ತೆಗೆದು, ಚಪ್ಪಲಿ ಹೊರಗೇ ಬಿಟ್ಟು, ಒಳಗೆ ಹೋಗಿ ಆರಾಮಾಗಿ ಕೂತರು.

"ಆಹಾ, ಏನು ಸೀಟು ಡಾಕ್ಟ್ರೇ! ಮೂರು ಜನ ಧಾರಾಳವಾಗಿ ಕೂರ್ಬಹುದು. ಮುಂದೆ ಒಂದು ಗಾಜಿನ ಮೇಜು ಹಾಕಿದ್ರೆ ಆಯ್ತು." ಜೇಬು ತಡಕಿದರು. "ಅಯ್ಯೋ, ಅಳತೆ ಟೇಪು ಮರೆತು ಬಂದೆ. ಅಮ್ಮಾ, ನಿಮ್ಮ ಟೇಪು ಸ್ವಲ್ಪ ಕೊಡ್ತೀರಾ? ಎಲ್ಲಿ ಕೊಯ್ಯೋದು ಅಂತ ಗುರುತು ಮಾಡ್ಕೋತೀನಿ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹಳದಿ ಟೇಪು ಎಂದಿನ ಹಾಗೆ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಅವಳು ಸಾಹುಕಾರರನ್ನು ನೋಡಿದಳು, ಗಂಡನ ಅರ್ಧ ಮೀಸೆಯನ್ನು ನೋಡಿದಳು.

"ಬಟ್ಟೆ ಅಳೆಯೋ ಟೇಪು ಇದು. ಕಬ್ಬಿಣಕ್ಕೆಲ್ಲ ಕೊಡಲ್ಲ," ಎಂದು ಒಳಗೆ ಹೋದಳು. ಮಿಷನ್ನಿನ ಟಕಟಕ ಶುರುವಾಯಿತು, ಯಾವತ್ತಿಗಿಂತ ಜೋರಾಗಿ.

ಭಾವ ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು. ಪೆಟ್ರೋಲಿನ ಹೊಗೆ ಇರಬಹುದು, ಇಲ್ಲದಿರಬಹುದು.

"ಎಲ್ಲಾ ಸರಿ ಇದೆ ಕಣೇ. ಒಂದೊಂದೂ ನೋಡಿದ್ದೀನಿ. ಎಲ್ಲಿ ಎಡವ್ತಿದೆ ಅಂತಾನೇ ಗೊತ್ತಾಗ್ತಿಲ್ಲ."

ಅಪ್ಪ ಕೇಳುತ್ತಿದ್ದ ಪ್ರಶ್ನೆ. ಬೆಳಗ್ಗಿನಿಂದ ನಾನು ಬಾಯಲ್ಲಿ ಹೇಳುತ್ತಲೇ ಇದ್ದೆ, ಕಿವಿಯಲ್ಲಿ ಕೇಳಿಯೇ ಇರಲಿಲ್ಲ.

"ಇನ್ನೊಂದು ಸಲ ತಿರುಗ್ಸಿ ಭಾವ. ನಾನು ಕೇಳ್ಬೇಕು." ಮನೆಯ ಕಡೆ ಕೂಗಿದೆ. "ಅಕ್ಕಾ, ಒಂದು ನಿಮಿಷ ಮಿಷನ್ ನಿಲ್ಸೇ!"

"ನನ್ನ ಕೆಲಸ ನಿಂತ್ರೆ ನೀನು ಬಂದು ಹೊಲೀತೀಯೇನೇ?" ಎಂದು ಒಳಗಿನಿಂದ ಬಂತು. ಆದರೆ ಟಕಟಕ ನಿಂತಿತು.

ನಾನು ಎಂಜಿನ್ನಿನ ಪಕ್ಕ ಅಂಗೈ ಊರಿ ಕಣ್ಣು ಮುಚ್ಚಿದೆ. ಭಾವ ಕೀಲಿ ತಿರುಗಿಸಿದರು.

ನಿಂತಿದ್ದರೂ ಅಪ್ಪನ ಮುಂದೆ ಕೂತ ಹಾಗೆ ಕೇಳಿದೆ ನಾನು. ಗರಗರದ ಕೆಳಗೆ ಒಂದು ಪೆಟ್ಟು ಗಟ್ಟಿಯಾಗಿ, ನೆಲಕ್ಕೆ ಹೆಜ್ಜೆ ಊರಿದ ಹಾಗೆ ಬಿತ್ತು. ಆಮೇಲೆ ಕೆಮ್ಮು, ತಡವರಿಕೆ, ಕೆಮ್ಮು. ಮತ್ತೆ ಒಂದು ಗಟ್ಟಿ ಹೆಜ್ಜೆ. ಮತ್ತೆ ಮೂರು ತಡವರಿಕೆ. ಮತ್ತೆ ಹೆಜ್ಜೆ. ನನ್ನ ಬಾಯಿ ತಾನಾಗಿ ಪದ್ಯ ಹಿಡಿಯಿತು. *ಒಂದು*, ಏನೋ, ಏನೋ, ಏನೋ. *ಆರು*, ಏನೋ, ಏನೋ, ಏನೋ. ಪದ್ಯದ ಎರಡೂ ಅರ್ಧಗಳ ಮೊದಲ ಹೆಜ್ಜೆ ಮಾತ್ರ ಕೂರಬೇಕಾದ ಜಾಗದಲ್ಲಿ ಕೂರುತ್ತಿತ್ತು. ಮಿಕ್ಕದ್ದೆಲ್ಲ ಎಡವುತ್ತಿತ್ತು.

"ನಿಲ್ಸಿ, ನಿಲ್ಸಿ!" ಎಂದು ಕಿರುಚಿದೆ. ನಾನು ಕಿರುಚಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಕ್ಕ ಕೈಯಲ್ಲಿ ಲಂಗ ಹಿಡಿದುಕೊಂಡೇ ಓಡಿಬಂದಳು.

"ಒಂದು ಸರಿ ಇದೆ, ಆರು ಸರಿ ಇದೆ ಭಾವ. ಮಿಕ್ಕ ಆರೂ ತಪ್ಪು."

"ಅದೆಂಗಾಗುತ್ತೆ? ನೀನು ಹೇಳ್ದೆ, ನಾನು ಸಿಕ್ಕಿಸ್ದೆ."

"ನಾನು ಹೇಳಿದ್ದು ಸರಿ. ನೀವು ಸಿಕ್ಕಿಸಿದ ಮನೆ ಯಾವುದು? ಒಂದು ಎಲ್ಲಿ? ಎರಡು ಎಲ್ಲಿ? ತೋರ್ಸಿ."

ಭಾವ ಪುಟ್ಟ ಕನ್ನಡಿಯ ಹಿಡಿಯಿಂದ ತೋರಿಸಿದರು. ಈ ಸಾಲಿನ ಮುಂದಿನಿಂದ ಹಿಂದಕ್ಕೆ ಒಂದು, ಎರಡು, ಮೂರು, ನಾಲ್ಕು. ಅಲ್ಲಿಂದ ಹಿಂದುಗಡೆ ಸುತ್ತಿಕೊಂಡು, ಆ ಸಾಲಿನ ಹಿಂದಿನಿಂದ ಮುಂದಕ್ಕೆ ಐದು, ಆರು, ಏಳು, ಎಂಟು. ಕುದುರೆ ಲಾಳದ ಹಾಗೆ ಒಂದು ಸುತ್ತು.

ಆ ಸುತ್ತು ನನಗೆ ಗೊತ್ತಿತ್ತು. ದವಾಖಾನೆಯ ಗೋಡೆಯ ಮೇಲೆ ಅದರ ಚಿತ್ರವೇ ಇದೆ. ಬಾಯಿ ತೆಗೆದ ಪ್ರತಿ ರೋಗಿಯ ಮುಂದೆಯೂ ಭಾವ ಅದೇ ಸುತ್ತು ಎಣಿಸುತ್ತಾರೆ, ದವಡೆಯ ಒಂದು ತುದಿಯಿಂದ ಹೊರಟು ಇನ್ನೊಂದು ತುದಿಗೆ.

"ಭಾವ," ಎಂದೆ, ನಗು ತಡೆಯಲಾಗದೆ. "ನೀವು ಹಲ್ಲು ಎಣಿಸಿದ್ದೀರಿ."

"ಏನು?"

"ಕಾರಿನ ಪುಸ್ತಕ ಏನಾದ್ರೂ ನೋಡಿದ್ರಾ? ಸಿಲಿಂಡರ್ ಹೇಗೆ ಎಣಿಸೋದು ಅಂತ?"

"ಎಣಿಸೋಕೂ ಪುಸ್ತಕ ಬೇಕೇನೇ?" ಎಂದವರು ಅಲ್ಲೇ ನಿಂತರು. ಕೈಯಲ್ಲಿದ್ದ ಕನ್ನಡಿಯನ್ನು ನೋಡಿಕೊಂಡರು.

ಅಕ್ಕ ಲಂಗವನ್ನು ಭುಜಕ್ಕೆ ಹಾಕಿಕೊಂಡು ಎಂಜಿನ್ನಿನ ಮೇಲೆ ಬಗ್ಗಿದಳು. ಬಟ್ಟೆಯ ಮಡಿಕೆ ಸರಿಯಿದೆಯೋ ಇಲ್ಲವೋ ಎಂದು ನೋಡುವ ಅದೇ ನೋಟ. "ಈ ಎರಡು ಸಾಲು ಎದುರುಬದುರು ಇಲ್ಲಾರೀ. ನೋಡಿ, ಈ ಕಡೇದು ಎರಡು ಬೆರಳು ಮುಂದಿದೆ. ಹೊಲಿದಿದ್ದು ನಾನಾಗಿದ್ರೆ ಬಿಚ್ಚಿಸ್ತಿದ್ದೆ."

ನೋಡಿದೆ. ಮೂರು ವರ್ಷ ನೋಡಿಯೂ ಕಾಣದ್ದು ಈಗ ಕಂಡಿತು. ಈ ಸಾಲಿನದು ಸ್ವಲ್ಪ ಮುಂದೆ, ಆ ಸಾಲಿನದು ಸ್ವಲ್ಪ ಹಿಂದೆ. ನಡೆಯುವಾಗ ಬಿದ್ದ ಹೆಜ್ಜೆ ಗುರುತಿನ ಹಾಗೆ, ಒಂದು ಕಾಲು, ಇನ್ನೊಂದು ಕಾಲು.

"ಇದು ದವಡೆ ಅಲ್ಲ ಭಾವ, ನಡಿಗೆ. ಒಂದು ಈ ಕಡೆ, ಎರಡು ಆ ಕಡೆ. ಮೂರು ಈ ಕಡೆ, ನಾಲ್ಕು ಆ ಕಡೆ. ಹಾಗೇ ಎಣಿಸಿ, ಆರು ಎಲ್ಲಿ ಬರುತ್ತೆ?"

ಭಾವ ಬೆರಳಿಟ್ಟು ಎಣಿಸಿದರು. ಆರನೆಯದು ಆ ಸಾಲಿನ ಮೂರನೆಯದು. ಹಲ್ಲಿನ ಲೆಕ್ಕದಲ್ಲೂ ಆರು ಅಲ್ಲೇ ಇತ್ತು. ಒಂದೂ ಇದ್ದಲ್ಲೇ ಇತ್ತು. ಬೇರೆ ಯಾವುದೂ ಇದ್ದಲ್ಲಿ ಇರಲಿಲ್ಲ. ಹಲ್ಲುಬ್ಬಿ ಬೆಳಗ್ಗಿನಿಂದ ಅದನ್ನೇ ಹೇಳುತ್ತಿದ್ದಳು.

ಗಡಿಯಾರದಲ್ಲಿ ನಾಲ್ಕು ಮೂವತ್ತೆಂಟು.

"ಕಿತ್ತುಬಿಡಿ!" ಎಂದಳು ಅಕ್ಕ. ಯಾರ ಪಕ್ಷ ಅಂತ ಅವಳಿಗೇ ಮರೆತಿತ್ತು.

ಮುಚ್ಚಳದ ಕಡೆ ಸರದಿ ಸರಿಯಿತ್ತು. ಪ್ಲಗ್ಗಿನ ಕಡೆ ಆರು ವೈರುಗಳ ಮನೆ ಬದಲಾಗಬೇಕಿತ್ತು, ಅಷ್ಟೇ. ಭಾವ ಹಲ್ಲು ಕೀಳುವವರ ಹಾಗೇ ಪಟಪಟನೆ ಕಿತ್ತರು. ನಾನು ಹೇಳಿದೆ, ಅವರು ಸಿಕ್ಕಿಸಿದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿ ಕಬ್ಬಿಣದ ಮೇಲೆ ಬೀಳುತ್ತಿತ್ತು. ನಾಲ್ಕರ ವೈರು ಗಿಡ್ಡವಾಯಿತು.

"ಹಿಂದುಗಡೆಯಿಂದ ತನ್ನಿ, ಹಿಂದುಗಡೆಯಿಂದ," ಎಂದಳು ಅಕ್ಕ. "ಬಟ್ಟೆ ಸಾಲದಿದ್ರೆ ಓರೆಯಾಗಿ ಕತ್ತರಿಸಲ್ವಾ, ಹಾಗೆ!"

ಓರೆಯಾಗಿ ತಂದರು. ಮುಟ್ಟಿತು.

ನಾಲ್ಕು ಐವತ್ತು. ಭಾವ ಒಳಗೆ ಕೂತರು. "ಒಂದೇ ಸಲ ಆಗೋದು ಇನ್ನು," ಎಂದರು. ಈ ಸಲ ದೇವರ ಬಗ್ಗೆ ತಮಾಷೆ ಮಾಡಲಿಲ್ಲ. ನನ್ನ ಕಡೆ ನೋಡಿ, "ಕೈ ಮುಗಿ" ಎಂದರು. ಮುಗಿದೆ. ಹಿಂದಿನ ಸೀಟಿನಲ್ಲಿ ಸಾಹುಕಾರರೂ ಮುಗಿದರು. ಯಾಕೆ ಅಂತ ಅವರನ್ನು ಯಾರೂ ಕೇಳಲಿಲ್ಲ.

ಗರ್... ಗರ್... ಬ್ಯಾಟರಿ ಉಸಿರು ಬಿಡುವ ಮುದುಕನ ಹಾಗೆ ಒಂದು ಸುತ್ತು ಎಳೆಯಿತು. ಗರ್... ಎಂದು ನಿಂತೇಹೋಯಿತು ಅನ್ನುವಷ್ಟರಲ್ಲಿ ಒಂದು ಹೊತ್ತಿತು, ಅದು ಎಂಟನ್ನು ಎಬ್ಬಿಸಿತು, ಎಂಟು ನಾಲ್ಕನ್ನು, ನಾಲ್ಕು ಮೂರನ್ನು, ಆಮೇಲೆ ಹೇಳಲು ಬಾಯಿಗೆ ಪುರುಸೊತ್ತೇ ಇಲ್ಲ! ಶೆಡ್ಡಿನ ತಗಡು ನಡುಗಿತು. ಗೋಡೆಯ ಮೊಳೆಗೆ ತೂಗುಹಾಕಿದ್ದ ಸ್ಪ್ಯಾನರುಗಳು ಗಿಲಿಗಿಲಿ ಎಂದವು. ಹಿಂದಿನಿಂದ ನೀಲಿ ಹೊಗೆ ಬುಸ್ಸೆಂದು ಹೊರಟು, ಗಿರಣಿಯ ಕಾಲದ ಹಿಟ್ಟಿನ ಧೂಳು ಸಂದುಸಂದಿನಿಂದ ಎದ್ದು, ಸಾಹುಕಾರರ ತಲೆ ಬೆಳ್ಳಗಾಯಿತು. ನನ್ನ ಅಂಗಾಲಿನಿಂದ ನೆತ್ತಿಯವರೆಗೆ ಪದ್ಯ ಓಡುತ್ತಿತ್ತು, ಎಲ್ಲೂ ಎಡವದೆ.

"ಗಾಡಿ ಹತ್ತೇ!" ಎಂದು ಕೂಗಿದರು ಭಾವ. "ನಿಂತ್ರೆ ಇದು ಮತ್ತೆ ಏಳಲ್ಲ!"

ಹತ್ತಿದೆ. ಬಾಗಿಲು ಹಾಕುವ ಮೊದಲೇ ಹಲ್ಲುಬ್ಬಿ ಹೊರಟಳು. ಮೂರು ವರ್ಷ ಕೂತ ಜಾಗದಲ್ಲಿ ನಾಲ್ಕು ಚಕ್ರದ ಗುರುತು ಬಿಟ್ಟು, ಗೇಟಿನ ಎರಡು ಕಂಬದ ನಡುವೆ ಕೂದಲೆಳೆಯಲ್ಲಿ ಪಾರಾಗಿ, ಬೀದಿಗೆ ಇಳಿದಳು.

"ಡಾಕ್ಟ್ರೇ, ನಾನಿದ್ದೀನಿ! ನನ್ನ ಚಪ್ಪಲಿ!" ಹಿಂದಿನಿಂದ ಸಾಹುಕಾರರು.

"ಗಟ್ಟಿಯಾಗಿ ಹಿಡ್ಕೊಳ್ಳಿ, ಸ್ವಲ್ಪ ನೋವಾಗ್ಬಹುದು!"

ಸೈಕಲ್ ಅಂಗಡಿಯವನು ಪಂಪು ಕೈಬಿಟ್ಟು ನಿಂತ. ಇಸ್ತ್ರಿಯವನು ಅಂಗಿಯ ಮೇಲಿಟ್ಟ ಪೆಟ್ಟಿಗೆ ಎತ್ತಲು ಮರೆತ. ಕಿಟಕಿಗಳು ತೆರೆದವು. ಶಾಲೆಯ ಮೂಲೆ ತಿರುಗುವಾಗ ನಮ್ಮ ಉದ್ದಕ್ಕೆ ಬೀದಿಯೇ ಸಾಲದೆ, ಭಾವ ಒಂದು ಸಲ ಹಿಂದಕ್ಕೆ ಹೋಗಿ, ಇನ್ನೊಂದು ಸಲ ಮುಂದಕ್ಕೆ ಬಂದು ತಿರುಗಿಸಿದರು. ಎಂಜಿನ್ನು ಒಮ್ಮೆ ಕುಗ್ಗಿತು. "ಒಂದು ಎಂಟು ನಾಲ್ಕು ಮೂರು," ಎಂದು ಗಟ್ಟಿಯಾಗಿ ಹೇಳತೊಡಗಿದೆ. ಹಿಂದಿನಿಂದ ಸಾಹುಕಾರರೂ ಸೇರಿಕೊಂಡರು, ತಪ್ಪು ತಪ್ಪಾಗಿ. ಹಲ್ಲುಬ್ಬಿ ಸುಧಾರಿಸಿಕೊಂಡಳು.

ನಮ್ಮ ಗೇಟು ಮತ್ತೆ ಕಂಡಾಗ ಅಕ್ಕ ಬೀದಿಯ ನಡುವೆಯೇ ನಿಂತಿದ್ದಳು. ಒಂದು ಕೈಯಲ್ಲಿ ಸಾಹುಕಾರರ ಚಪ್ಪಲಿ, ಇನ್ನೊಂದು ಕೈಯಲ್ಲಿ ಅಡುಗೆಮನೆಯ ಗಡಿಯಾರ. ಗೋಡೆಯಿಂದಲೇ ಕಿತ್ತು ತಂದಿದ್ದಳು. ಐದಕ್ಕೆ ಮೂರು ನಿಮಿಷ.

ಭಾವ ಗೇಟಿನೊಳಗೆ ತಂದು ನಿಲ್ಲಿಸಿದರು. ಎಂಜಿನ್ನು ಆರಿಸಲು ಮನಸ್ಸಿಲ್ಲದೆ ಹಾಗೇ ಕೂತರು. ಸಾಹುಕಾರರು ಹಿಟ್ಟಿನ ಗೊಂಬೆಯ ಹಾಗೆ ಇಳಿದು, ಚಪ್ಪಲಿ ಮೆಟ್ಟಿಕೊಂಡು, ಕಾರಿನ ಬೆನ್ನು ತಟ್ಟಿದರು. "ನನ್ನನ್ನ ಬೇಕಾದ್ರೆ ಕೊಯ್ಯಿರಿ ಡಾಕ್ಟ್ರೇ, ಇದನ್ನ ಮಾತ್ರ ಆಗಲ್ಲ. ಸೋಫಾ ಬೇರೆ ಎಲ್ಲಾದ್ರೂ ನೋಡ್ಕೋತೀನಿ. ಆದ್ರೆ ಭಾನುವಾರ ಭಾನುವಾರ ಒಂದು ಸುತ್ತು ನನಗೆ ಬೇಕು." ಲಾರಿಯವನಿಗೆ ಬೇಡವೆಂದು ಹೇಳಲು ಫೋನು ಹುಡುಕುತ್ತ ಹೋದರು.

ಅಕ್ಕ ಗಡಿಯಾರವನ್ನು ನನ್ನ ಕೈಗೆ ಕೊಟ್ಟು, ಖಾಲಿಯಾದ ಶೆಡ್ಡನ್ನು ಒಮ್ಮೆ ಹೊಕ್ಕು ನೋಡಿ ಬಂದಳು. "ಕಿಟಕಿ ಹತ್ರ ಕತ್ತರಿಸೋ ಮೇಜು. ಆ ಗೋಡೆಗೆ ಮಿಷನ್ನು," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಭಾವನ ಮುಖ ಇಳಿಯಿತು. "ಇವಳನ್ನ ಎಲ್ಲಿ ಬಿಡೋದೇ ಮತ್ತೆ?"

"ಯಾಕೆ, ಈಗ ಕಾಲು ಬಂತಲ್ಲ. ಇಲ್ಲೇ ಅಂಗಳದಲ್ಲಿ ನಿಂತ್ಕೊಳ್ಲಿ. ಬಿಸಿಲು ಮಳೆ ಬೀಳಬಾರದು ಅಷ್ಟೇ ತಾನೇ?" ಎಂದಳು. ಕುತ್ತಿಗೆಯಿಂದ ಹಳದಿ ಟೇಪು ಎಳೆದು, ಒಂದು ತುದಿಯನ್ನು ಹಲ್ಲುಬ್ಬಿಯ ಮೂತಿಗೆ ಇಟ್ಟಳು. "ಹಿಡ್ಕೊಳ್ರೀ ಇಲ್ಲಿ. ಹೀಗೆ ಬಾಯಿ ಬಿಟ್ಕೊಂಡು ನೋಡ್ತಾ ನಿಂತ್ರೆ ಯಾವ ದರ್ಜಿ ಇವಳಿಗೆ ಅಂಗಿ ಹೊಲೀತಾಳೆ?"

ಭಾವ ಧಡಬಡ ಇಳಿದು ಬಂದು ಹಿಡಿದರು. ಟೇಪು ಚಿಕ್ಕದು, ಕಾರು ದೊಡ್ಡದು. ಅಕ್ಕ ಬಾಗಿಲ ಹತ್ತಿರ ಬೆರಳೊತ್ತಿ ಗುರುತು ಹಿಡಿದು, ಅಲ್ಲಿಂದ ಮತ್ತೆ ಅಳೆದಳು.

"ಒಂದು ಚೀಟಿ ತಗೊಂಡು ಬರ್ಕೋಳೇ," ಎಂದಳು ನನಗೆ.

ಎಂಜಿನ್ನು ಇನ್ನೂ ಓಡುತ್ತಿತ್ತು. ಸರಾಗವಾಗಿಯೇ. ಆದರೆ ಕಿವಿಗೊಟ್ಟರೆ, ಏಳು ಬರುವಲ್ಲಿ ಒಂದು ಕೂದಲಿನಷ್ಟು ತಡ. ಮುಂದಿನ ಭಾನುವಾರಕ್ಕೆ ಕೆಲಸವಿತ್ತು.

"ಚೀಟಿ ಬೇಡ ಅಕ್ಕ," ಎಂದೆ. "ನೀನು ಹೇಳು, ನಾನು ಕೇಳಿಸ್ಕೋತೀನಿ."